ಬಾವಿಯಿಂದ ಮನೆಗೆ

ನೆದಾಗೆ ಗೊತ್ತಾಗಿಬಿಟ್ಟಿದೆಯೇ? ಪುಟದ ಮೂಲೆ ಹಿಡಿದ ದಾರ್ಕೊ ಹೆಂಡತಿಯ ಮುಖ ನೋಡಿದ. ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ನರದ ಕಾಯಿಲೆ ಕೈಕಾಲು, ನಾಲಿಗೆ, ಕೆನ್ನೆ ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡು ಕಣ್ಣುಗಳನ್ನಷ್ಟೇ ಬಿಟ್ಟಿತ್ತು. ಮೇಲೆತ್ತಿದರೆ ಹೌದು, ಮುಚ್ಚಿದರೆ ಬೇಡ. ಅವಳು ಮೇಲೆತ್ತಿದಳು. ಅವನು ಪುಟ ಮಗುಚಿದ.

ಪುಸ್ತಕವನ್ನು ಅಡಿಲೇಡ್‌ನಿಂದ ತಂದುಕೊಟ್ಟವಳು ನೆದಾಳ ಅಕ್ಕನ ಮಗಳು ಲೂಚಿಯಾ. ಬಾವಿಯಲ್ಲಿ ಸತ್ತ ಹುಡುಗಿ ದೆವ್ವವಾಗಿ ಬಂದು, ತನ್ನನ್ನು ತಳ್ಳಿದವರು ಯಾರೆಂದು ಪತ್ತೇದಾರನೊಬ್ಬನ ಜೊತೆ ಹುಡುಕುವ ಜಪಾನಿನ ಕಾದಂಬರಿ ಅದು. ಕೈ ಆಡುತ್ತಿದ್ದ ಕಾಲದಲ್ಲಿ ನೆದಾ ಅದನ್ನು ಹೊಲಿಗೆ ಬಿಚ್ಚಿಹೋಗುವಷ್ಟು ಓದಿದ್ದಳು. ಈಗದು ಕಾಮಿಕ್ಸ್ ಪುಸ್ತಕವಾಗಿ ಬಂದಿತ್ತು, ಲೂಚಿಯಾ ತಂದದ್ದು ಅದನ್ನೇ. ಜೀವನವಿಡೀ ಟ್ಯೂನಾ ದೋಣಿಯಲ್ಲಿ ದುಡಿದ ದಾರ್ಕೊ ಪತ್ರಿಕೆಯ ಕ್ರೀಡಾಪುಟ ಬಿಟ್ಟು ಬೇರೇನೂ ಓದಿದವನಲ್ಲ. ಎಲ್ಲ ಪುಸ್ತಕಗಳಂತೆ ಇದನ್ನೂ ಎಡಗಡೆಯಿಂದಲೇ ತೆರೆದಿದ್ದ. ಒಳಗೆ ದಪ್ಪಕ್ಷರದಲ್ಲಿ ಎಚ್ಚರಿಕೆಯಿತ್ತು: ಇದು ಕೊನೆಯ ಪುಟ, ಜಪಾನಿನ ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ.

ತಿರುಗಿಸಿ ಹಿಡಿಯಬೇಕೆನ್ನುವಷ್ಟರಲ್ಲಿ ಪಕ್ಕದ ಚಿತ್ರಗಳು ಕಣ್ಣಿಗೆ ಬಿದ್ದವು. ಕಲ್ಲುಚಪ್ಪಡಿ ಮುಚ್ಚಿದ ಬಾವಿ, ಮೇಲೆ ಹಿಮ, ಯಾರೂ ಇಲ್ಲ. ಸುಮ್ಮನೆ ಇನ್ನೊಂದು ಹಾಳೆ ಮಗುಚಿದ. ಅಲ್ಲಿ, ಕಥೆಯ ಕೊನೆಗೆ ಕರಗಿಹೋಗುವ ಹುಡುಗಿಯ ಪಾದಗಳು ಹಿಮದಲ್ಲಿ ಮತ್ತೆ ಮೂಡಿದ್ದವು. ಅವನು ಪುಸ್ತಕ ತಿರುಗಿಸಲಿಲ್ಲ.

ದಿನಾ ಊಟವಾದ ಮೇಲೆ ಕಿಟಕಿಯ ಬಳಿ, ಗಾಲಿಕುರ್ಚಿಯ ಪಕ್ಕ ಕೂತು ಕೊನೆಯಿಂದ ಮೊದಲಿಗೆ ಓದಿ ಹೇಳಿದ. ಪತ್ತೇದಾರ ಬಂದ ರೈಲನ್ನೇ ಹತ್ತಿ ಹೊರಟುಹೋದ. ಹುಡುಗಿ ಬಾವಿಯಿಂದ ಮೇಲೆ ಬಂದಳು, ಅವಳ ಕೂದಲು ಒಣಗಿತು.

"ಈ ಪತ್ತೇದಾರ ಥೇಟ್ ನಿನ್ನ ಹಾಗೇ ಕಣೇ," ಎಂದಿದ್ದ ದಾರ್ಕೊ. "ಮೊದಲು ತೀರ್ಪು, ಆಮೇಲೆ ವಿಚಾರಣೆ."

ನೆದಾಳ ಗಂಟಲಲ್ಲಿ ಸಣ್ಣದೊಂದು ಸದ್ದಾಗಿತ್ತು. ನಗುವಿನದು. ಈಸ್ಟರ್ ಆದಮೇಲೆ ಅವನು ಅದನ್ನು ಕೇಳಿರಲಿಲ್ಲ.

ಈಸ್ಟರ್‌ಗೆ ಮುಂಚೆಯೇ ಡಾಕ್ಟರು ಉಸಿರಾಟದ ಯಂತ್ರದ ಮಾತೆತ್ತಿದ್ದರು. ನೆದಾ ಕಣ್ಣು ಮುಚ್ಚಿದ್ದಳು. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಮುಚ್ಚಿದಳು. ಎಲ್ಲರೂ ದಾರ್ಕೊನ ಕಡೆ ನೋಡಿದಾಗ "ಅವಳಿಷ್ಟ" ಎಂದವನೇ, ಕಾರಿನ ಟೈರಿಗೆ ಗಾಳಿ ಇದೆಯಾ ನೋಡಿಬರುತ್ತೇನೆಂದು ಎದ್ದುಹೋಗಿದ್ದ.

ಶನಿವಾರ ಲೂಚಿಯಾ ಮೀನಿನ ಸಾರು ಮಾಡಿಕೊಂಡು ಬಂದಳು. ಪಾತ್ರೆ ಕೆಳಗಿಡುವ ಮೊದಲೇ ಅವಳ ಕಣ್ಣು ಪುಸ್ತಕದ ಮೇಲೆ ಬಿತ್ತು.

"ಚಿಕ್ಕಪ್ಪಾ, ಉಲ್ಟಾ ಓದ್ತಿದ್ದೀರಲ್ಲ!"

"ಹೌದಾ? ಮೀನು ಹಿಡಿಯೋನಿಗೆ ಇದೆಲ್ಲ ಏನು ಗೊತ್ತಾಗತ್ತೆ."

"ಸತ್ತೋಳು ಎದ್ದು ಕೂತು ಅನ್ನ ತಿಂತಿದ್ದಾಳೆ, ಆಗ್ಲೂ ಅನುಮಾನ ಬರಲಿಲ್ವಾ?"

"ದೆವ್ವದ ಕಥೆ ಅಲ್ವಾ, ಹಸಿವಾಗಿರತ್ತೆ ಅಂದ್ಕೊಂಡೆ."

ಲೂಚಿಯಾ ನಗುತ್ತ ಅಕ್ಷರದ ಹಲಗೆ ತೆಗೆದು ನೆದಾಳ ಮುಂದೆ ಹಿಡಿದಳು. "ಚಿಕ್ಕಮ್ಮಾ, ನಿನಗೆ ಕಥೆ ಬಾಯಿಪಾಠ. ಇವರಿಗೊಂದು ಮಾತು ಹೇಳಬಾರದಿತ್ತಾ?"

ನೆದಾಳ ಕಣ್ಣು ಹಲಗೆಯ ಮೇಲೆ ನಿಧಾನವಾಗಿ ಓಡಾಡಿತು. ಅದು ನಿಂತಲ್ಲೆಲ್ಲ ಲೂಚಿಯಾ ಅಕ್ಷರವನ್ನು ಗಟ್ಟಿಯಾಗಿ ಹೇಳಿದಳು. "ಓ... ದ... ಲಿ. ಓದಲಿ ಅಂತೆ! ಇಬ್ಬರೂ ಸರಿಯಾಗಿದ್ದೀರಿ." ನಗು ಅರ್ಧಕ್ಕೇ ನಿಂತಿತು. ಸಾರು ಬಿಸಿ ಮಾಡುತ್ತೇನೆಂದು ಅವಳು ಅಡುಗೆಮನೆಗೆ ಹೋದಳು.

ಹಾಗಾದರೆ ನೆದಾಗೆ ಮೊದಲ ದಿನದಿಂದಲೂ ಗೊತ್ತಿತ್ತು. ದಾರ್ಕೊ ನೆದಾಳ ಕಣ್ಣು ತಪ್ಪಿಸಿ, ಉಳಿದ ಹಾಳೆಗಳನ್ನು ಬೆರಳಲ್ಲಿ ಹಿಡಿದು ನೋಡಿದ. ಕೆಲವೇ ಉಳಿದಿದ್ದವು. ಅವಳ ಕಣ್ಣು ಮೇಲೆದ್ದಿತು. ಅವನು ಮಗುಚಿದ. ಮತ್ತೆ ಮೇಲೆದ್ದಿತು.

ಆಮೇಲೆ ಮಗುಚಲು ಏನೂ ಉಳಿಯಲಿಲ್ಲ. ಕಥೆ ಶುರುವಾಗುವ ಆ ಇಡೀ ಪುಟಕ್ಕೆ ಒಂದೇ ಚಿತ್ರ. ಹಳದಿ ರೇನ್‌ಕೋಟ್ ತೊಟ್ಟ ಹುಡುಗಿ ಹೊಸಿಲ ಬಳಿ ಬೂಟು ಹಾಕಿಕೊಂಡು, ಒಳಗೆ ತಿರುಗಿ ನೋಡುತ್ತಿದ್ದಾಳೆ. ಅವಳ ಬಾಯಿಯ ಪಕ್ಕದ ಗುಳ್ಳೆಯೊಳಗೆ ಬರೆದಿದ್ದ ಮಾತನ್ನು ದಾರ್ಕೊ ಓದಿದ. "ಹೋಗಿ ಬರ್ತೀನಿ." ತಾಯಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಾಳೆ. ಅವಳಿಗೆ ಗುಳ್ಳೆ ಬರೆದಿರಲಿಲ್ಲ.

ನೆದಾ ಪುಟವನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಅಡುಗೆಮನೆಯಲ್ಲಿ ಸಾರು ಕುದಿಯುವ ಸದ್ದು. ತೋಳು ನೋಯುವವರೆಗೂ ದಾರ್ಕೊ ಪುಸ್ತಕವನ್ನು ಹಾಗೇ ತೆರೆದು ಹಿಡಿದಿದ್ದ.

"ಹೋಗಬೇಡ, ಇರು" ಎಂದು ಅವನು ನೆದಾಗೆ ಹೇಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.