ನಮ್ಮ ತೆರಿಗೆ, ಪಕ್ಕದವನ ಕಾರ್ಡು

ನನ್ನ ಹೆಂಡತಿಗೆ ಯಾರ ಮೇಲೂ ನಂಬಿಕೆಯಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ಅವಳ ಕಸುಬೇ ಹಾಗೆ. ಅವಳದು ಲಾಂಡ್ರಿ ಅಂಗಡಿ. ಗಿರಾಕಿ "ಕಾಫಿ ಕಲೆ ಅಷ್ಟೇ" ಎಂದರೆ ಮೂಸಿ ನೋಡುತ್ತಾಳೆ. "ಜೇಬಲ್ಲಿ ಏನೂ ಇಲ್ಲ" ಎಂದರೆ ಅವರ ಎದುರಿಗೇ ಜೇಬು ಹೊರಳಿಸುತ್ತಾಳೆ. ಹಾಗೆ ಹೊರಳಿಸಿದಾಗ ಒಮ್ಮೆ ಒಬ್ಬರ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೇ ಸಿಕ್ಕಿತ್ತು.

ನಾನು ಅವಳಿಗೆ ತದ್ವಿರುದ್ಧ. ಬಟ್ಟೆ ತರುವುದು, ತಲುಪಿಸುವುದು, ಬ್ಯಾಂಕಿನ ಓಡಾಟ ನನ್ನ ಪಾಲಿನ ಕೆಲಸ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರ ಪೈಕಿ.

ಆದಾಯ ತೆರಿಗೆ ಕಟ್ಟಲು ಆಗ ಎಂಟು ದಿನ ಉಳಿದಿತ್ತು. ಅಂಗಡಿ ಅವಳ ಹೆಸರಿನಲ್ಲಿದೆ, ತೆರಿಗೆಯೂ ಅವಳ ಹೆಸರಿಗೇ. ನಲವತ್ತು ಸಾವಿರ. ತಿಂಗಳು ತಿಂಗಳು ತೆಗೆದಿಟ್ಟ ಹಣ ಬ್ಯಾಂಕಿನಲ್ಲಿ ಸಿದ್ಧವಿತ್ತು. ಅದರ ಜೊತೆಗೆ ಇನ್ನೊಂದು ಗಂಟೂ ಇತ್ತು, ಹೊಸ ವಾಷಿಂಗ್ ಮೆಷಿನ್ನಿಗೆ ಕೊಡಬೇಕಾದ ಮುಂಗಡ. ಹಳೆಯ ಮೆಷಿನ್ನು ನೀರು ಹಿಂಡುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. ಲಾಡ್ಜಿನಿಂದ ಬರುವ ಹೊದಿಕೆಗಳನ್ನೆಲ್ಲ ಕೈಯಲ್ಲೇ ಹಿಂಡಿ ಹಿಂಡಿ ಅವಳ ಬಲ ಮಣಿಕಟ್ಟು ಊದಿಕೊಂಡಿತ್ತು. "ಹೀಗೇ ಹಿಂಡ್ತಾ ಇದ್ರೆ ಈ ಕೈ ನಿಮ್ಮ ಮಾತು ಕೇಳಲ್ಲ ಅಮ್ಮ" ಎಂದಿದ್ದರು ಡಾಕ್ಟರು. ಮೆಷಿನ್ನಿಗೆ ಸಾಲ ಕೊಡಲು ಬ್ಯಾಂಕಿನವರು ಕೇಳಿದ್ದು ಎರಡೇ. ಮುಂಗಡದ ಹಣ ಮತ್ತು ತೆರಿಗೆ ಕಟ್ಟಿದ ರಸೀದಿ.

ನಮ್ಮ ಪಕ್ಕದ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುವವನೊಬ್ಬನಿದ್ದಾನೆ. ಬೀದಿಯವರೆಲ್ಲ ಅವನನ್ನು ಪಾಯಿಂಟಣ್ಣ ಎನ್ನುತ್ತಾರೆ. ಏನು ಕೊಂಡರೂ ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳುತ್ತಾನೆ. ಖರ್ಚಿಗೆ ತಕ್ಕಂತೆ ಕಾರ್ಡಿನವರು ಪಾಯಿಂಟ್ ಕೊಡುತ್ತಾರೆ, ಪಾಯಿಂಟ್ ಕೂಡಿಟ್ಟರೆ ಉಡುಗೊರೆ. ಹೀಗೆ ಬಂದ ಮೂರು ಇಸ್ತ್ರಿಪೆಟ್ಟಿಗೆ ಅವನ ಮನೆಯಲ್ಲಿವೆ. ಇಸ್ತ್ರಿಗೆ ಮಾತ್ರ ಬಟ್ಟೆಯನ್ನು ನಮ್ಮಲ್ಲಿಗೇ ತರುತ್ತಾನೆ.

ಆ ದಿನ ನನ್ನ ಹೆಂಡತಿ ಅಂಗಿಗಳಿಗೆ ನಂಬರ್ ಚೀಟಿ ಚುಚ್ಚುತ್ತಿದ್ದಳು. ಲಾಂಡ್ರಿಗೆ ಬಂದ ಪ್ರತಿ ಬಟ್ಟೆಗೂ ಗಿರಾಕಿಯ ನಂಬರ್ ಬರೆದ ಪುಟ್ಟ ಚೀಟಿ ಇರುತ್ತದೆ. ಪಾಯಿಂಟಣ್ಣ ಬಂದು ಕಟ್ಟೆಗೆ ಒರಗಿದ.

"ಅತ್ತಿಗೆ, ಈ ಸಲ ನಿಮ್ಮ ತೆರಿಗೆ ನಾನು ಕಟ್ತೀನಿ."

"ನೀನ್ಯಾಕಪ್ಪ ಕಟ್ತೀಯ? ನಾವೇನು ಸತ್ತೋದ್ವಾ?"

"ಅಯ್ಯೋ, ಬಿಡ್ತು ಅನ್ನಿ. ನನ್ನ ಕಾರ್ಡಲ್ಲಿ ಕಟ್ತೀನಿ, ನೀವು ಅಷ್ಟೇ ಹಣ ನನ್ನ ಖಾತೆಗೆ ಹಾಕಿ. ಪಾಯಿಂಟ್ ನನಗೆ. ನಿಮಗೊಂದು ಸೂಟ್‌ಕೇಸ್ ಉಡುಗೊರೆ, ಚಕ್ರ ಇರೋದು."

"ಚಕ್ರ ಇರೋ ಸೂಟ್‌ಕೇಸ್ ಎಳ್ಕೊಂಡು ಎಲ್ಲಿಗೆ ಹೋಗ್ಲಿ? ಇಲ್ಲಿಂದ ನೀರಿನ ತೊಟ್ಟಿಗಾ?"

ನನಗೆ ಆಸೆ ತಡೆಯಲಿಲ್ಲ. "ಬೇರೆಯವರದು ಕಟ್ಟಿದೀಯೇನೋ?" ಎಂದು ಕೇಳಿದೆ.

"ಕ್ಷೌರದಂಗಡಿ ಅಣ್ಣಂದು ಕಟ್ಟಾಯ್ತು, ರಸೀದಿನೂ ಬಂತು. ಬೇಕಾದ್ರೆ ಹೋಗಿ ಕೇಳಿ."

"ಕಾರ್ಡಲ್ಲಿ ಕಟ್ಟಿದ್ರೆ ಮೇಲೆ ಏನಾದ್ರೂ ಹಿಡೀತಾರಾ?" ಎಂದಳು ಹೆಂಡತಿ, ಚೀಟಿಯಿಂದ ಕಣ್ಣೆತ್ತದೆ.

"ಸ್ವಲ್ಪ ಶುಲ್ಕ ಇದೆ. ಅದು ನನ್ನ ತಲೆನೋವು, ಬಿಡಿ."

"ಶುಲ್ಕ ನೀನು ಕೊಡ್ತೀಯ. ಸೂಟ್‌ಕೇಸ್ ನೀನೇ ಕೊಡ್ತೀಯ. ಅಷ್ಟಾದ ಮೇಲೂ ನಿನಗೇ ಲಾಭ! ಹೇಗಪ್ಪ ಅದು?"

ಅವನು ನಗುತ್ತ ತನ್ನ ಮಳಿಗೆಗೆ ಹೊರಟ. ಅವನು ಹೋದ ಮೇಲೆ ಅವಳು, "ರೀ, ಬೆಳ್ಳಗಿರೋದೆಲ್ಲ ಹಾಲಲ್ಲ. ಅವನ ಸಹವಾಸ ಬೇಡ" ಎಂದಳು. ನಾನು ತಲೆಯಾಡಿಸಿದೆ.

ತಲೆಯಾಡಿಸಿದವನು ಸುಮ್ಮನಿರಬೇಕಿತ್ತು. ಮರುದಿನ ಕ್ಷೌರದಂಗಡಿಗೆ ಹೋಗಿ ರಸೀದಿ ನೋಡಿದೆ. ಸರಿಯಾಗಿಯೇ ಇತ್ತು. ಇವಳದು ಅತಿಯಾಯಿತು, ಊರೆಲ್ಲ ಕಳ್ಳರೇ ಇವಳಿಗೆ ಎಂದು ಸಿಟ್ಟೂ ಬಂತು. ಅಲ್ಲೇ ನಿಂತು ನಲವತ್ತು ಸಾವಿರವನ್ನು ಪಾಯಿಂಟಣ್ಣನ ಖಾತೆಗೆ ಹಾಕಿದೆ, ಹೆಂಡತಿಯ ತೆರಿಗೆ ಕಾಗದದ ಫೋಟೊ ಕಳಿಸಿದೆ. ಸಂಜೆಗೆ ಫೋನಿಗೆ ರಸೀದಿಯೂ ಕೈಗೆ ಸೂಟ್‌ಕೇಸೂ ಬಂದವು. ರಸೀದಿಯ ಮೇಲೆ ನಲವತ್ತು ಸಾವಿರ ಎಂದಿದ್ದನ್ನು ನೋಡಿ ಫೋನು ಜೇಬಿಗೆ ಹಾಕಿದೆ. ಸೂಟ್‌ಕೇಸನ್ನು ಹಳೆಯ ಪರದೆಗಳ ಹಿಂದೆ ಬಚ್ಚಿಟ್ಟೆ. ಹೆಂಡತಿಗೆ, "ತೆರಿಗೆ ಕಟ್ಟಾಯ್ತು" ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಮೂರನೆಯ ದಿನ ಪರದೆ ತೆಗೆಯಲು ಹೋದವಳು ಸೂಟ್‌ಕೇಸ್ ಎಳೆದು ತಂದಳು.

"ಇದು ಯಾರದು? ಚೀಟಿ ಇಲ್ವಲ್ಲ."

"ಗಿರಾಕಿದು."

"ಯಾವ ಗಿರಾಕಿ?"

ಇಷ್ಟು ವರ್ಷ ಅಂಗಡಿ ನಡೆಸಿದರೂ ಸುಳ್ಳು ಹೇಳುವುದನ್ನು ಕಲಿಯಲಿಲ್ಲ ನಾನು. ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ, ಕೈ ಚಾಚಿದಳು. "ರಸೀದಿ ತೋರಿಸಿ."

ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದಳು. ತನ್ನ ತೆರಿಗೆ ನಂಬರ್, ಅಂದರೆ ಪ್ಯಾನ್, ಅವಳಿಗೆ ಬಾಯಿಪಾಠ.

"ಇದು ನನ್ನ ನಂಬರಲ್ಲ."

"ಹಣ ಸರಿ ಇದೆಯಲ್ಲೇ. ತಾರೀಖೂ ಸರಿ ಇದೆ."

"ನಮ್ಮಂಗಡೀಲಿ ಅಂಗಿ ಯಾರ ಮನೆಗೆ ಹೋಗುತ್ತೆ? ದುಡ್ಡು ಕೊಟ್ಟು ಹೊಲಿಸಿದವರ ಮನೆಗಾ, ಚೀಟೀಲಿರೋ ನಂಬರಿನವರ ಮನೆಗಾ?"

ಅವಳು ಫೋನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ, "ಇಡೀ ಬೀದಿ ಮೇಲೆ ಅನುಮಾನ ಪಟ್ಟೆ ರೀ. ನಿಮ್ಮೊಬ್ಬರ ಮೇಲೆ ಪಡಲಿಲ್ಲ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದೇ ಸಂಜೆ ಲೆಕ್ಕದ ಮೇಡಂ ತಮ್ಮ ಕೋಟು ಒಯ್ಯಲು ಬಂದರು. ಜನರ ತೆರಿಗೆ ಲೆಕ್ಕ ಬರೆದುಕೊಡುವುದು ಅವರ ಕೆಲಸ. ಹೆಂಡತಿ ಕೋಟನ್ನು ಕೈಗೆ ಕೊಡದೆ ಹಿಡಿದುಕೊಂಡೇ ಕೇಳಿದಳು.

"ಮೇಡಂ, ಒಂದು ವಿಷಯ ಕೇಳ್ಬೇಕು. ಹೇಳಿದ್ರೆ ನಿಮಗೇನು ಸಿಗುತ್ತೆ?"

ಮೇಡಂ ನಕ್ಕರು. "ಸದ್ಯಕ್ಕೆ ನನ್ನ ಕೋಟು ಸಿಕ್ರೆ ಸಾಕು ಅಕ್ಕ. ಹೇಳಿ."

ರಸೀದಿ ನೋಡುತ್ತಿದ್ದಂತೆ ಅವರ ನಗು ಹೋಯಿತು. "ಯಾರ ನಂಬರಿಗೆ ಕಟ್ತಾರೋ ತೆರಿಗೆ ಅವರದು ಅಂತಲೇ ಲೆಕ್ಕ. ಹಣ ಯಾರದು ಅಂತ ಯಾರೂ ಕೇಳಲ್ಲ. ಸರಿಪಡಿಸಿ ಅಂತ ಅರ್ಜಿ ಕೊಡಬಹುದು. ಆದ್ರೆ ಎಷ್ಟು ತಿಂಗಳು ಹಿಡಿಯುತ್ತೋ, ಆಗುತ್ತೋ ಇಲ್ವೋ, ನಾನು ಮಾತು ಕೊಡಕ್ಕಾಗಲ್ಲ. ಕೊನೇ ದಿನ ಯಾರಿಗೂ ಕಾಯಲ್ಲ. ನೀವು ಇನ್ನೊಮ್ಮೆ ಕಟ್ಟಬೇಕು."

"ಹಾಗಾದ್ರೆ ನಮ್ಮದೇ ಕಾರ್ಡಲ್ಲಿ ಕಟ್ಟಿದ್ರೆ?" ಎಂದೆ ನಾನು. ಬ್ಯಾಂಕಿನವರು ಕೊಟ್ಟ ಕಾರ್ಡೊಂದು ನನ್ನ ಬಳಿಯೂ ಇತ್ತು. ಇಷ್ಟಾದರೂ ಆಸೆ ಹೋಗಿರಲಿಲ್ಲ ನೋಡಿ!

ಮೇಡಂ ನಮ್ಮ ಬಿಲ್ಲಿನ ಹಿಂಭಾಗದಲ್ಲೇ ಬರೆದು ತೋರಿಸಿದರು. "ಕಾರ್ಡಲ್ಲಿ ಕಟ್ಟೋದು ತಪ್ಪೇನಲ್ಲ. ಲೆಕ್ಕ ಹಾಕಿ ನೋಡಿ, ಅಷ್ಟೇ. ನೂರಕ್ಕೆ ಒಂದು ಶುಲ್ಕ ಅಂತಿಟ್ಕೊಳ್ಳಿ. ನಲವತ್ತು ಸಾವಿರಕ್ಕೆ ನಾನೂರು ಹೋಯ್ತು. ನೂರಕ್ಕೆ ಒಂದು ಪಾಯಿಂಟ್ ಕೊಟ್ರೂ ನಾನೂರು ಪಾಯಿಂಟ್. ನಾಲ್ಕು ಪಾಯಿಂಟ್ ಸೇರಿದ್ರೆ ಒಂದು ರೂಪಾಯಿ ಬೆಲೆ ಅಂದ್ರೆ, ನಿಮ್ಮ ಕೈಗೆ ಬರೋದು ನೂರು. ನಾನೂರು ಕೊಟ್ಟು ನೂರು ತಗೊಂಡ ಹಾಗಾಯ್ತು."

"ಮೂಗಿಗಿಂತ ಮೂಗುತಿ ಭಾರ" ಎಂದಳು ಹೆಂಡತಿ.

"ಶುಲ್ಕ, ಪಾಯಿಂಟು ಎರಡೂ ಕಾರ್ಡಿಂದ ಕಾರ್ಡಿಗೆ ಬೇರೆ. ಕೆಲವರಿಗೆ ನಾಲ್ಕು ಕಾಸು ಉಳಿಯಲೂಬಹುದು. ಆದ್ರೆ ಕಾರ್ಡಿನ ಬಿಲ್ಲನ್ನ ಗಡುವಿನೊಳಗೆ ಪೂರ್ತಿ ಕಟ್ಟಬೇಕು. ಬಾಕಿ ಉಳಿಸಿದ್ರೋ, ಬಡ್ಡಿ ಆ ಲಾಭನೆಲ್ಲ ನುಂಗಿ ನೀರು ಕುಡಿಯುತ್ತೆ. ತೆರಿಗೆಗೆ ಪಾಯಿಂಟೇ ಕೊಡದ ಕಾರ್ಡುಗಳೂ ಇವೆ."

"ನೀವು ಹೇಳಿದ್ದು ನಿಜ ಅಂತ ನಾನು ಹೇಗೆ ನಂಬ್ಲಿ?" ಎಂದುಬಿಟ್ಟಳು ಹೆಂಡತಿ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ನಂಬಬೇಡಿ," ಎಂದರು ಮೇಡಂ. "ಕಾರ್ಡಿನ ಹಿಂದೆ ನಂಬರ್ ಇದೆ. ನೀವೇ ಫೋನ್ ಮಾಡಿ ಕೇಳಿ."

ಮಾಡಿಯೇ ಬಿಟ್ಟಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಆ ಕಡೆಯ ಹೆಣ್ಣುಮಗಳು ಹೇಳಿದಳು, ಆ ಕಾರ್ಡಿನಲ್ಲಿ ತೆರಿಗೆ ಕಟ್ಟಿದರೆ ಒಂದು ಪಾಯಿಂಟೂ ಇಲ್ಲ. ಪಾಯಿಂಟಣ್ಣನದೂ ಅದೇ ಬ್ಯಾಂಕಿನ ಅದೇ ಕಾರ್ಡು. ಹೆಂಡತಿ ಆಗ ಮೇಡಂ ಕೈಗೆ ಕೋಟು ಕೊಟ್ಟಳು.

ನಾವಿಬ್ಬರೂ ಪಕ್ಕದ ಮಳಿಗೆಗೆ ಹೋದೆವು. ಪಾಯಿಂಟಣ್ಣ ಕವರುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ರಸೀದಿ ತೋರಿಸಿದಾಗ ಹಣೆ ಚಚ್ಚಿಕೊಂಡ.

"ಅಯ್ಯೋ ಅತ್ತಿಗೆ! ಫೋನಲ್ಲಿ ನನ್ನ ತೆರಿಗೆ ನಂಬರೇ ತಾನಾಗಿ ಬಂದುಬಿಡುತ್ತೆ. ಅಳಿಸಿ ನಿಮ್ಮದು ಹಾಕೋದು ಮರೆತೆ."

"ಕ್ಷೌರದಂಗಡಿಯವರದು ಹಾಕುವಾಗ ಮರೀಲಿಲ್ವಾ?"

"ಆ ದಿನ ನೆನಪಿತ್ತು."

"ಹೋಗಲಿ, ಈ ವರ್ಷ ನಿನ್ನ ತೆರಿಗೆ ಕಟ್ಟಿದ್ಯಾ?"

ಅವನು ಒಂದು ಕೆಂಪು ಕವರನ್ನು ನೀಲಿ ಸಾಲಿನಲ್ಲಿಟ್ಟ. ಮತ್ತೆ ತೆಗೆದ.

"ನಾವು ಹಾಕಿದ ಹಣ ಎಲ್ಲಿ?" ಎಂದೆ ನಾನು.

"ಹಳೇ ಕಾರ್ಡ್ ಬಿಲ್ಲಿತ್ತು ಅಣ್ಣ, ಅದಕ್ಕೆ ಹೋಯ್ತು. ಕೊಡ್ತೀನಿ, ಕಂತು ಮಾಡಿ ಕೊಡ್ತೀನಿ. ಪಾಯಿಂಟ್ ಬರಲಿ..."

"ಪಾಯಿಂಟ್ ಬರಲ್ಲಪ್ಪ. ನಿನ್ನ ಬ್ಯಾಂಕನ್ನೇ ಕೇಳಿದ್ವಿ" ಎಂದಳು ಹೆಂಡತಿ. ಅವನ ಮುಖ ಬಿಳಿಚಿಕೊಂಡಿತು. ಆ ಬಿಳಿಚಿಕೊಂಡದ್ದು ಮಾತ್ರ ನಾಟಕವಲ್ಲ ಎಂದು ಇಂದಿಗೂ ನಾನು ನಂಬುತ್ತೇನೆ. ಉಳಿದದ್ದರ ಬಗ್ಗೆ ಹೇಳಲಾರೆ. ಅವನು ಕಳ್ಳನೋ, ಬರೀ ದಡ್ಡನೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ನಮ್ಮ ಹಣ ಹೋದದ್ದು ಒಂದೇ ದಾರಿಯಲ್ಲಿ.

ಮರುದಿನ ಬೆಳಿಗ್ಗೆ ಹೆಂಡತಿ ಮೆಷಿನ್ನಿಗೆಂದು ಇಟ್ಟಿದ್ದ ಮುಂಗಡವನ್ನು ಮುರಿದಳು. ಸರಕಾರದ ತೆರಿಗೆ ವೆಬ್‌ಸೈಟಿನಲ್ಲಿ ತಾನೇ ಕುಳಿತು, ತನ್ನ ನಂಬರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಎರಡು ಸಲ ಓದಿ, ತನ್ನ ಖಾತೆಯಿಂದ ನೇರವಾಗಿ ಕಟ್ಟಿದಳು. ಫೋನಿಗೆ ಬಂದ ಒಟಿಪಿಯನ್ನು ನಾನು ಇಣುಕಿ ನೋಡಿದ್ದಕ್ಕೆ ಫೋನನ್ನು ಎದೆಗೆ ಒತ್ತಿಕೊಂಡಳು. ರಸೀದಿ ಬಂತು. ಅವಳ ಹೆಸರು, ಅವಳ ನಂಬರು. ಬ್ಯಾಂಕಿನವರು ರಸೀದಿ ಒಪ್ಪಿದರು, ಮುಂಗಡ ಎಲ್ಲಿ ಎಂದರು. ಮುಂಗಡ ಇರಲಿಲ್ಲ.

ಇದೆಲ್ಲ ಆಗಿ ಏಳು ತಿಂಗಳಾಯಿತು. ಪಾಯಿಂಟಣ್ಣ ಮೂರು ಕಂತು ಕೊಟ್ಟಿದ್ದಾನೆ. ಮೆಷಿನ್ನು ಇನ್ನೂ ಬಂದಿಲ್ಲ. ಹಣ ಹೋದ ಮೇಲೂ ಎರಡು ತಿಂಗಳು ಅವಳೇ ಹಿಂಡಿದಳು; ಕೈ ಪೂರ್ತಿ ಸೋತ ಮೇಲೆ ಲಾಡ್ಜಿನ ಹೊದಿಕೆಗಳನ್ನು ಈಗ ನಾನು ಹಿಂಡುತ್ತೇನೆ. ಮೊದಲ ವಾರ ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಇದನ್ನು ಅವಳು ಆರು ತಿಂಗಳು ಒಬ್ಬಳೇ ಮಾಡಿದ್ದಳಲ್ಲ ಎಂದು ನೆನೆದಾಗ ನಿಜಕ್ಕೂ ಅಳು ಬಂತು. ಅವಳು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಚೀಟಿ ಚುಚ್ಚುತ್ತಾಳೆ. ಬೆರಳು ಪೂರ್ತಿ ಮಡಚಲು ಬರುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು ನಾನು. ನೀವು ಕೆಡುವ ಮೊದಲೇ ಕೇಳಿ. ನಿಮ್ಮ ತೆರಿಗೆಯನ್ನು ನೀವೇ ಕಟ್ಟಿ. ಅಕ್ಕನ ಮಗನಾಗಲಿ, ಪಕ್ಕದಂಗಡಿಯವನಾಗಲಿ, ಇನ್ನೊಬ್ಬರ ಕಾರ್ಡಿಗೆ ನಿಮ್ಮ ಹಣ ಒಪ್ಪಿಸಬೇಡಿ. ನಿಮ್ಮದೇ ಕಾರ್ಡಿನಲ್ಲಿ ಕಟ್ಟುವ ಆಸೆಯಿದ್ದರೆ ಶುಲ್ಕವೆಷ್ಟು, ಪಾಯಿಂಟ್ ಉಂಟೋ ಇಲ್ಲವೋ ಎಂದು ಮೊದಲು ಬ್ಯಾಂಕಿಗೇ ಫೋನ್ ಮಾಡಿ ಕೇಳಿ. ಬಿಲ್ಲು ಪೂರ್ತಿ ತೀರಿಸುವಷ್ಟು ಹಣ ಕೈಯಲ್ಲಿದ್ದರೆ ಮಾತ್ರ ಮುಂದಿನ ಮಾತು. ರಸೀದಿ ಬಂದಾಗ ನನ್ನಂತೆ ಬರೀ ಮೊತ್ತ ನೋಡಿ ಜೇಬಿಗೆ ಹಾಕಬೇಡಿ, ನಂಬರ್ ಓದಿ.

ಇನ್ನೊಂದು ಮಾತು, ಇದನ್ನು ಯಾವ ಮೇಡಮ್ಮೂ ಹೇಳಿಕೊಡಲಿಲ್ಲ. ಹಣ ಕೊಟ್ಟ ದಿನ ಅದನ್ನು ಹೆಂಡತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಂದರೆ ನನಗೂ ಒಳಗೊಳಗೇ ಅನುಮಾನವಿತ್ತು. ಮನೆಯವರಿಗೆ ಹೇಳಲು ಹೆದರಿಕೆಯಾಗುವ ಲಾಭ ನಿಮ್ಮ ಬಾಗಿಲಿಗೂ ಬಂದೀತು. ಆಗ ಹಣ ಕಳಿಸುವ ಮೊದಲು ಒಳಗೆ ಹೋಗಿ, ಅವರ ಮುಂದೆ ಕುಳಿತು, ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ಬೈಗುಳ ತಿಂದರೂ ತಿನ್ನಿ. ನಾನು ಅಂದು ಬೈಸಿಕೊಂಡಿದ್ದರೆ ಅವಳ ಕೈ ಉಳಿಯುತ್ತಿತ್ತು.