ಹತ್ತು ಕಳೆಯಬೇಕಾದ ಟೇಪು

ನಾನು ಒಂದು ಅಳತೆಯ ಟೇಪು. ಹದಿನೈದು ಮೀಟರ್ ಬಟ್ಟೆ, ಅದರ ಮೇಲೆ ಹಳದಿ ಬಣ್ಣ, ಸುತ್ತಿ ಮಲಗಲು ಚರ್ಮದ ಡಬ್ಬಿ. ನಾನು ಹುಟ್ಟಿದ ಗಳಿಗೆಯಲ್ಲಿ ಕಾರ್ಖಾನೆಯ ಯಂತ್ರಗಳೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದವು. ಕರೆಂಟು ಹೋಗಿತ್ತು ಎನ್ನುವವರೂ ಇದ್ದಾರೆ. ಹೊಟ್ಟೆಕಿಚ್ಚು.

ಅಲ್ಲಿಂದ ವಿಶ್ವವಿದ್ಯಾಲಯದ ಅರಣ್ಯ ವಿಭಾಗಕ್ಕೆ ಬಂದೆ. ಮಣ್ಣು, ನೀರು, ಕಾಡು ಉಳಿಸುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಕಲಿಸಿದ್ದೆಲ್ಲ ನಾನೇ, ಪ್ರೊಫೆಸರುಗಳು ಸಹಿ ಹಾಕುತ್ತಿದ್ದರು, ಅಷ್ಟೆ. ಹದಿನೆಂಟು ಬ್ಯಾಚಿನವರು ನನ್ನನ್ನು ಗುಡ್ಡಕ್ಕೆ ಒಯ್ದು ಮರಗಳ ಸುತ್ತ ಎದೆಮಟ್ಟಕ್ಕೆ ಸುತ್ತಿದರು. ನಾನು ಅಪ್ಪಿಕೊಂಡಷ್ಟು ಮರಗಳನ್ನು ಗಾಳಿಯೂ ಅಪ್ಪಿಕೊಂಡಿಲ್ಲ. ಆಗ ಏನನಿಸುತ್ತಿತ್ತು ಎಂದು ಕೇಳಬೇಡಿ. ಏನೂ ಅನಿಸುತ್ತಿರಲಿಲ್ಲ.

ಮೂರನೇ ವರ್ಷ ನನ್ನ ತುದಿಯ ಹತ್ತು ಸೆಂಟಿಮೀಟರ್ ಹರಿದುಹೋಯಿತು. ಆನೆ ಎಳೆಯಿತೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಜೀಪಿನ ಬಾಗಿಲಿಗೆ ಸಿಕ್ಕಿತ್ತು. ಪ್ರಯೋಗಾಲಯದ ಅಟೆಂಡರ್ ಮೈಲಾರಪ್ಪ ಹರಿದ ತುದಿಗೆ ಕೆಂಪು ದಾರ ಹೊಲಿದ. ಅಂದಿನಿಂದ ನಾನು ಶುರುವಾಗುವುದೇ ಹತ್ತರಿಂದ; ಯಾವ ಮರ ಅಳೆದರೂ ಹತ್ತು ಸೇರಿಸಿ ಹೇಳುವ ಹಕ್ಕು ನನಗೆ ಬಂತು. ಪ್ರತಿ ಬ್ಯಾಚಿಗೂ ನನ್ನನ್ನು ಕೊಡುವಾಗ ಮೈಲಾರಪ್ಪ ಒಂದೇ ಮಾತು ಹೇಳುತ್ತಿದ್ದ: ಹತ್ತು ಕಳೀರಿ. ಅದು ಎಲ್ಲಿಯೂ ಬರೆದಿರಲಿಲ್ಲ. ಅವನು ನಿವೃತ್ತನಾದ, ಮಾತೂ ಅವನ ಜೊತೆ ಮನೆಗೆ ಹೋಯಿತು.

ಮರುವರ್ಷ ನಾನು ನೀಲಗಂಗಾಳ ಕೈಗೆ ಬಂದೆ. ಗುಡ್ಡಕ್ಕೆ ಬೇಲಿ ಹಾಕಿ, ಆಡು ಮೇಯುವುದು ನಿಲ್ಲಿಸಿ ಐದು ವರ್ಷವಾಗಿತ್ತು. ಬೇಲಿ ಹಾಕಿದಾಗ, ಹತ್ತು ಕಳೆದು ಬರೆದ ಅಳತೆಯ ಪಟ್ಟಿ ವಿಭಾಗದಲ್ಲಿತ್ತು; ಅಲ್ಲಿಂದ ಮರಗಳು ಎಷ್ಟು ದಪ್ಪಗಾದವು ಎಂಬುದೇ ಅವಳ ಪ್ರಬಂಧ. ಒಳ್ಳೆಯ ಫಲಿತಾಂಶ ಬಂದರೆ ಪಿಎಚ್‌ಡಿ ಸೀಟು ಅವಳದೇ ಎಂದು ಅವಳ ಗೈಡ್ ಹೊಸಮಠ ಸರ್ ಹೇಳಿದ್ದರು. ನನ್ನ ಮೊದಲ ಅಂಕಿಗಳು ಬೆವರಿಗೆ ಅಳಿಸಿದ್ದವು. ಅವಳು ಕೆಂಪು ದಾರವನ್ನೇ ಸೊನ್ನೆ ಎಂದುಕೊಂಡು ಮುನ್ನೂರ ಹನ್ನೆರಡು ಮರ ಅಳೆದಳು. ಎಲ್ಲವೂ ಹತ್ತು, ಹನ್ನೊಂದು ಸೆಂಟಿಮೀಟರ್ ಬೆಳೆದಿದ್ದವು. ಸರ್ ಪೇಡೆ ತರಿಸಿ ಹಂಚಿದರು. ಒಂದು ಗುಡ್ಡವನ್ನು ಒಬ್ಬನೇ ಬೆಳೆಸಿದ ಟೇಪು ಇನ್ನೊಂದಿದ್ದರೆ ತೋರಿಸಿ.

ಪ್ರಬಂಧ ಒಪ್ಪಿಸಲು ಎರಡು ದಿನವಿತ್ತು. ನೀಲಗಂಗಾ ಪಟ್ಟಿಯ ನಲವತ್ತೇಳನೇ ಸಾಲಿನಲ್ಲಿ ಬೆರಳಿಟ್ಟು ಕೂತುಬಿಟ್ಟಳು. ಅದು ಹೊನ್ನೆ ಮರ. ಬೇಲಿ ಹಾಕುವ ಮೊದಲೇ ಒಣಗಿ ನಿಂತದ್ದು. ಅದೂ ಹತ್ತು ಸೆಂಟಿಮೀಟರ್ ಬೆಳೆದಿತ್ತು.

ನನ್ನನ್ನು ಚೀಲದಲ್ಲಿ ಹಾಕಿಕೊಂಡು ಮೈಲಾರಪ್ಪನ ಮನೆಗೆ ಹೋದಳು. ಅವನು ಕೆಂಪು ದಾರ ಮುಟ್ಟಿ ನೋಡಿದ.

"ಹತ್ತು ಕಳದಿಲ್ಲೇನ ತಂಗಿ?"

"ಯಾರೂ ಹೇಳಲಿಲ್ರಿ ಕಾಕಾ."

"ನಾನಽ ಹೇಳ್ತಿದ್ದೆ. ಮತ್ತ್ಯಾರ ಹೇಳಬೇಕು."

ಅವನ ಹೆಂಡತಿ ಚಹಾ ಕೊಟ್ಟಳು. ನೀಲಗಂಗಾ ಅಲ್ಲೇ ಕಟ್ಟೆಯ ಮೇಲೆ ಕೂತು ಕಳೆಯತೊಡಗಿದಳು. ಒಂದು. ಸೊನ್ನೆ. ಅರ್ಧ. ಸೊನ್ನೆ. ಸೊನ್ನೆ. ಚಹಾ ಆರಿಹೋಯಿತು. ಅವಳು ಅಳಲಿಲ್ಲ. ನನಗೂ ಏನೂ ಅನಿಸಲಿಲ್ಲ.

ಹೊಸಮಠ ಸರ್ ಹೊಸ ಪಟ್ಟಿಯನ್ನು ಎರಡು ಸಲ ತಿರುವಿ ಹಾಕಿದರು. ಮೊದಲಿನ ಫಲಿತಾಂಶವನ್ನು ಸಮ್ಮೇಳನದಲ್ಲಿ ಓದಲು ತಾವು ಆಗಲೇ ಒಪ್ಪಿಕೊಂಡದ್ದನ್ನು ಹೇಳಿದರು. ಆಮೇಲೆ ಧ್ವನಿ ತಗ್ಗಿಸಿ, "ಹಳೇ ಪಟ್ಟ್ಯಾಗ ಆ ಒಂದು ಒಣಗಿದ ಮರ ಬಿಟ್ಟು ಬರದ್ರ ಯಾರಿಗೆ ತಿಳೀತದವಾ?" ಎಂದರು.

"ಬಿಡಾಕ ಬರೂದಿಲ್ರಿ ಸರ್. ನಾನ ಅಳದೇನಿ."

ಸರ್ ಹೊಸ ಪಟ್ಟಿಯನ್ನೇ ಎಳೆದುಕೊಂಡರು. ಸಹಿ ಹಾಕಿದರು. ಸೀಟು ಬೇರೆಯವರಿಗೆ ಹೋಯಿತು. ನೀಲಗಂಗಾ ಈಗ ಯಾವುದೋ ನರ್ಸರಿಯಲ್ಲಿ ಸಸಿ ಎಣಿಸುತ್ತಾಳಂತೆ.

ವಿಭಾಗಕ್ಕೆ ಸ್ಟೀಲಿನ ಟೇಪು ಬಂತು. ನಾನು ಬೀರುವಿನ ಕೆಳಖಾನೆಯಲ್ಲಿ, ಒಡೆದ ಬೀಕರುಗಳ ಪಕ್ಕದಲ್ಲಿದ್ದೇನೆ. ಡಬ್ಬಿಯ ಮೇಲೆ ನೀಲಗಂಗಾ ಅಂಟಿಸಿದ ಚೀಟಿ ಇದೆ: ಹತ್ತು ಕಳೆಯಿರಿ. ಓದುವವರಿಲ್ಲ.

ನೀವು ಓದಿದಿರಲ್ಲ, ಈ ಕಥೆಯಿಂದಲೂ ಹತ್ತು ಕಳೆದುಕೊಳ್ಳಿ. ಆನೆ ಹೋಗಲಿ, ಕಾರ್ಖಾನೆ ಹೋಗಲಿ. ನಲವತ್ತೇಳನೇ ಹೊನ್ನೆಯ ಸುತ್ತಳತೆ ಮಾತ್ರ ನೂರಾ ಎಂಟು. ಐದು ವರ್ಷದ ಹಿಂದೆಯೂ ನೂರಾ ಎಂಟೇ ಇತ್ತು. ಅದರಲ್ಲಿ ಕಳೆಯುವುದಕ್ಕೇನೂ ಇಲ್ಲ.