ಕಡೇ ನುಡಿಯ ಹೆಸರು

ಗೀಗೀ ಪದದ ಕಡೇ ನುಡಿಯಲ್ಲಿ ಕಟ್ಟಿದವರ ಊರು, ಹೆಸರು ಹೇಳುವುದು ರೂಢಿ. ಕಟಕೋಳದ ಮೇಳದಲ್ಲಿ ಆ ಹೆಸರು ಯಾವಾಗಲೂ ಶಟ್ಟೆಪ್ಪನದೇ. ಮೇಳದ ಯಜಮಾನ, ದಪ್ಪು ಬಡಿಯುವ ಶಟ್ಟೆಪ್ಪನದು! ಹನ್ನೆರಡು ವರ್ಷದಲ್ಲಿ ಆ ಮಹಾರಾಯ ಒಂದು ಸಾಲು ಕಟ್ಟಿದ್ದರೆ ಕೇಳಿ. ಜೋಳದ ಹೊಲದಲ್ಲಿ ಕಳೆ ಕೀಳುತ್ತ ಪದ ಕಟ್ಟುವವಳು, ಮುಂದೆ ನಿಂತು ಹಾಡುವವಳು ಸುಂದರವ್ವ. ಮೀಸೆ ತಿರುವುವವನು ಅವನು. ಅವನ ತಲೆಯ ಪಟಗ, ಶಾಲು ಹೊದಿಸಿಕೊಳ್ಳಲು ಬಗ್ಗಿಸುವ ಆ ಕುತ್ತಿಗೆ, ನೋಡಿ ನೋಡಿ ಅವಳಿಗೆ ಹೇಸಿಕೆ ಬಂದುಹೋಗಿತ್ತು. ಅದಕ್ಕಿಂತ ಹೆಚ್ಚಿನ ಹೇಸಿಕೆ, ಇಷ್ಟು ದಿನ ಅವನ ಹೆಸರು ಹಾಡಿದ ತನ್ನ ಬಾಯಿಯ ಮೇಲೆ.

ಈ ಸಲದ ಪದ ಮಾತ್ರ ಬೇರೆ. ಸವದತ್ತಿಯ ಹೊಸ ಆಣೆಕಟ್ಟಿನ ನೀರಲ್ಲಿ ಅವಳ ತವರೂರು ಮುಳುಗಿತ್ತು. ದಂಡೆಯಲ್ಲಿ ನಿಂತು ನೋಡಿ ಬಂದ ದಿನ ಅಳಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಒಂಬತ್ತು ನುಡಿ ಕಟ್ಟಿದ್ದಳು. ಅವ್ವನ ಒಲೆ, ಓಣಿಯ ಬಾವಿ ಎಲ್ಲ ಅದರಲ್ಲಿದ್ದವು. ಅದಕ್ಕೂ ಶಟ್ಟೆಪ್ಪನ ಹೆಸರೇ?

ಎಪ್ಪತ್ತನಾಲ್ಕರಲ್ಲಿ ರೇಡಿಯೊದವರು ಟೇಪು ತಂದು ಊರ ಸಾಲೆಯಲ್ಲಿ ಕುಳಿತರು.

"ಈ ಸಲ ನನ್ನ ಹೆಸರ ಹಾಕತೇನಿ," ಅಂದಳು ಸುಂದರವ್ವ.

ಶಟ್ಟೆಪ್ಪ ನಕ್ಕ. "ಹೆಣಮಗಳ ಹೆಸರಿನ ಪದಾ ಯಾರ ಕೇಳತಾರ? ರೂಢಿ ಇದ್ದಂಗ ಹಾಡ."

"ಪದದಾಗ ನಮ್ಮ ಓಣಿ ಬಾಂವಿ ಐತಲ್ಲ, ಅದರ ಹೆಸರ ಹೇಳ್ರಿ ನೋಡೂಣು."

ಶಟ್ಟೆಪ್ಪ ಮೀಸೆ ತಿರುವಿದ. "ಮೇಳ ನಂದೈತಿ. ಹೆಸರ ಬದಲಾತಂದ್ರ ನಾಳಿಂದ ನೀ ಮನ್ಯಾಗ ಕುಂದ್ರು."

ಸುಂದರವ್ವ ಹಾಡಲು ನಿಂತಳು. ಮೇಳ ಬಿಟ್ಟರೆ ಹಾಡಲು ಅವಳಿಗೆ ಬೇರೆ ಜಾಗವಿರಲಿಲ್ಲ. ಆದರೂ ಕಡೇ ನುಡಿಯಲ್ಲಿ ತನ್ನ ಹೆಸರನ್ನೇ ಎತ್ತಿದಳು. ಶಟ್ಟೆಪ್ಪ ಹಂಚು ಹಾರುವಂತೆ ದಪ್ಪು ಬಡಿದ. ಹೆಸರು ಮುಚ್ಚಿಹೋಯಿತು. ಅವನಿಗೆ ಗೊತ್ತಿದ್ದ ಕಲೆ ಅದೊಂದೇ.

ರೇಡಿಯೊದ ಸಾಹೇಬರು ಟೇಪು ನಿಲ್ಲಿಸಿದರು. "ಅವ್ವಾರ, ಹೆಸರು ಕೇಳಸಲಿಲ್ಲ. ಕಡೇ ನುಡಿ ಇನ್ನೊಮ್ಮೆ ಹಾಡ್ರಿ. ಯಜಮಾನ್ರ, ನೀವು ದಪ್ಪು ಕೆಳಗಿಟ್ಟು ಬರೇ ಹಿಮ್ಮೇಳ ಹಾಡ್ರಿ."

ಮುಂದಿನವರು ಹಾಡಿದ ಸಾಲನ್ನೇ ತಿರುಗಿ ಹಾಡುವುದು ಹಿಮ್ಮೇಳದ ಕೆಲಸ. ರೇಡಿಯೊದಲ್ಲಿ ಬರುವ ಆಸೆಯೋ ಎಲ್ಲರಿಗಿಂತ ಶಟ್ಟೆಪ್ಪನಿಗೇ ಹೆಚ್ಚು. ದಪ್ಪು ಕೆಳಗಿಟ್ಟ.

"ಕಟಕೋಳ ಊರಾಗ ಸುಂದರವ್ವ ಪದ ಕಟ್ಯಾಳ," ಹಾಡಿದಳು ಸುಂದರವ್ವ.

ಸಾಹೇಬರು ಶಟ್ಟೆಪ್ಪನತ್ತ ಕೈ ತೋರಿಸಿದರು. ಟೇಪು ತಿರುಗುತ್ತಿತ್ತು. ಅವನು ಬೆವರಿದ, ಬಾಯಿ ತೆರೆದ, ಅವಳ ಹೆಸರನ್ನು ಹಾಡಿದ.

ಸುಂದರವ್ವನಿಗೆ ಅದು ಸಾಲದೆನ್ನಿಸಿತು. ಅದೇ ಸಾಲನ್ನು ಮತ್ತೊಮ್ಮೆ ಎತ್ತಿದಳು.